ದೊಡ್ಡವ್ವನ ತಲೆಯ ಮೇಲೆ ಒಂದು ರೂಪಾಯಿ

ಹುಟ್ಟಿದ್ದಕ್ಕೆಲ್ಲ ಒಂದು ಕೊನೆಯಿದೆ. ಅದರಿಂದ ಅರಸನೂ ಪಾರಾಗಲಿಲ್ಲ, ಆಳೂ ಪಾರಾಗಲಿಲ್ಲ. ನಮ್ಮ ಕಾರ್ಖಾನೆಯ ಯಂತ್ರಗಳು ಮಾತ್ರ ಬಹಳ ದಿನ ಪಾರಾಗಿದ್ದವು. ಅವುಗಳ ಕೊನೆಗೆ ಮೂವರ ಸಹಿ ಬೇಕಾಗಿತ್ತು, ಆ ಮೂವರಲ್ಲಿ ಒಬ್ಬರು ಯಾವಾಗಲೂ ಯಾರದೋ ಲಗ್ನಕ್ಕೆ ಹೋಗಿರುತ್ತಿದ್ದರು.

ನನ್ನ ನೌಕರಿಯೆಲ್ಲ ಕಳೆದದ್ದು ರಾಣೆಬೆನ್ನೂರಿನ ಒಂದು ಸಹಕಾರಿ ಕಾರ್ಖಾನೆಯಲ್ಲಿ. ರಂಟೆ, ಕುಂಟೆ, ಕೂರಿಗೆ, ಚಕ್ಕಡಿಯ ಅಚ್ಚು ಇವು ನಮ್ಮ ಮಾಲು. ಹಾವೇರಿಯಲ್ಲೊಂದು, ಬ್ಯಾಡಗಿಯಲ್ಲೊಂದು ಸಣ್ಣ ಶೆಡ್ಡು ಇದ್ದವು. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಆದರೂ ಅಲ್ಲಿಯ ಶೆಡ್ಡಿನವರು ಜಿಲ್ಲಾ ಕೇಂದ್ರದವರ ಗತ್ತಿನಲ್ಲೇ ಇರುತ್ತಿದ್ದರು. ಎಂಬತ್ತರ ದಶಕದಲ್ಲಿ ಮೋಟಾರು ಒಳಗೇ ಕೂತ ಹೊಸ ಯಂತ್ರಗಳು ಬರತೊಡಗಿದವು. ಪಟ್ಟಾ, ಅಂದರೆ ಬೆಲ್ಟು, ಹಾಕಿಕೊಂಡು ತಿರುಗುವ ಹಳೆಯವು ಜಾಗ ಬಿಡಬೇಕಾಯಿತು. ಯಾವುದನ್ನು ಚಾಲ್ತಿ ಯಂತ್ರವೆಂದು ಮಾರಬೇಕು, ಯಾವುದನ್ನು ಮುರಿದು ಗುಜರಿಗೆ ಹಾಕಬೇಕು ಎಂದು ಹೇಳುವ ಕೆಲಸ ಸುಪರ್‌ವೈಸರನಾದ ನನ್ನ ಪಾಲಿಗೆ ಬಂತು. ನನ್ನ ಅಡ್ಡಹೆಸರು ಹಿರೇಮಠ. ಕೊನೆಯ ಕ್ರಿಯೆಗಳು ಸ್ವಾಮಿಗಳ ಕೈಯಿಂದಲೇ ಆಗಲಿ ಎಂದು ಆಡಳಿತ ಮಂಡಳಿಯವರಿಗೆ ಅನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಮುರಿಯುವುದೆಂದರೆ ಖರೇನೇ ಮುರಿಯುವುದು. ಹಿಂದೊಮ್ಮೆ ಗುಜರಿಗೆ ಇಡಿಯಾಗಿ ಬಿಟ್ಟುಕೊಟ್ಟ ರಂಧ್ರ ಕೊರೆಯುವ ಯಂತ್ರವೊಂದು ಹಸಿರು ಬಣ್ಣ ಬಳಿದುಕೊಂಡು, ಹೊಸ ಹೆಸರಿನ ತಗಡು ಬಡಿಸಿಕೊಂಡು, ನಮ್ಮ ಕಾರ್ಖಾನೆಗೇ ಮಾರಾಟಕ್ಕೆ ಬಂದಿತ್ತು. ನಮ್ಮ ಖರೀದಿ ಸಮಿತಿಗೆ ಅದು ಬಹಳ ಹಿಡಿಸಿತ್ತು ಕೂಡ. ಅಂದಿನಿಂದ, ಗುಜರಿಗೆ ಹೋಗುವ ಯಂತ್ರವನ್ನು ಮೂವರ ಸಮ್ಮುಖದಲ್ಲಿ ಘಣದಿಂದ, ಅಂದರೆ ದೊಡ್ಡ ಸುತ್ತಿಗೆಯಿಂದ, ಒಡೆದೇ ಕೊಡಬೇಕೆಂದು ಠರಾವು ಪಾಸಾಯಿತು. ಈ ಯಂತ್ರಗಳ ಮೈಯೆಲ್ಲ ಬೀಡು ಕಬ್ಬಿಣ. ಬೀಡು ಒಮ್ಮೆ ಒಡೆದರೆ ಮತ್ತೆ ಕೂಡುವುದಿಲ್ಲ. ಆದ್ದರಿಂದ ನನ್ನ ಬಾಯಿಂದ 'ಮುರೀರಿ' ಎಂಬ ಮಾತು ಹೊರಟರೆ ಅದರ ಮೇಲೆ ಅಪೀಲು ಇರಲಿಲ್ಲ. ಈಗ ಐಟಿಐ ಮುಗಿಸಿ ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಡಬೇಕು: ತಪ್ಪಿ ಮಾರಿದ್ದನ್ನು ಬೈಸಿಕೊಂಡು ವಾಪಸು ತರಬಹುದು, ತಪ್ಪಿ ಮುರಿದದ್ದನ್ನು ಯಾರಿಗೂ ತೋರಿಸಲಿಕ್ಕೂ ಆಗುವುದಿಲ್ಲ.

ನಮ್ಮ ಗುಜರಿ ವ್ಯಾಪಾರಿ ಹಾವೇರಿಯ ವೀರಭದ್ರಪ್ಪ. ಗುಜರಿಗೆ ನಮ್ಮ ಕಡೆ ಮೋಡಕಾ ಎನ್ನುತ್ತಾರೆ. ಅವರನ್ನು ಎಲ್ಲರೂ ಮೋಡಕಾ ವೀರಭದ್ರಪ್ಪ ಎಂದೇ ಕರೆಯುತ್ತಿದ್ದರು, ಅವರೂ ಅದನ್ನು ಪದವಿಯೆಂಬಂತೆ ಸ್ವೀಕರಿಸಿದ್ದರು. ಯಾವುದೋ ಯಂತ್ರ ನರಳುತ್ತಿದೆಯೆಂಬ ಸುದ್ದಿ ಅವರಿಗೆ ನನಗಿಂತ ಮೊದಲೇ ಮುಟ್ಟುತ್ತಿತ್ತು. ಹಾಸಿಗೆ ಹಿಡಿದ ಹಿರಿಯರನ್ನು ನೋಡಲು ಬಂದ ಬೀಗರ ಹಾಗೆ ಬಂದು, ಒಂದು ಮರದ ಪೆಟ್ಟಿಗೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು:

"ಹ್ಯಾಂಗೈತ್ರಿ ಈಗ?"

ಇನ್ನೂ ಉಸಿರಾಡುತ್ತಿದೆ ಎಂದರೆ ನೊಂದುಕೊಂಡು ಚಹಾ ಕುಡಿದು ಹೋಗುತ್ತಿದ್ದರು.

ವ್ಯವಸ್ಥಾಪಕರು ಕುಲಕರ್ಣಿ ಸಾಹೇಬರು. ಬಿಳಿ ಧೋತರ, ಕರಿ ಕೋಟು, ಕೋಟಿನ ಒಳಜೇಬಿನಲ್ಲಿ ಅವರ ತಂದೆಯ ಕಾಲದ ರಾಣಿ ಛಾಪಿನ ಒಂದು ಬೆಳ್ಳಿ ರೂಪಾಯಿ. ಯಂತ್ರದ ಆರೋಗ್ಯ ತಿಳಿಯಲು ಅವರಿಗಿದ್ದ ಒಂದೇ ಸಾಧನ ಆ ರೂಪಾಯಿ. ಯಂತ್ರ ಚಾಲು ಮಾಡಿಸಿ, ಅದರ ತಲೆಯ ಮೇಲೆ ರೂಪಾಯಿಯನ್ನು ಅಂಚಿನ ಮೇಲೆ ನಿಲ್ಲಿಸುವರು. ನಿಂತರೆ ಮಾರುವುದು, ಬಿದ್ದರೆ ಮುರಿಯುವುದು. ಎಲ್ಲೋ ಮುಂಬೈ ಕಡೆಯ ಒಬ್ಬ ಹಳೆಯ ಎಂಜಿನಿಯರ್ ಹೇಳಿಕೊಟ್ಟ ವಿದ್ಯೆಯಂತೆ. ವಿದ್ಯೆ ಸುಳ್ಳಲ್ಲ, ನಡುಗುವ ಯಂತ್ರದ ಮೇಲೆ ರೂಪಾಯಿ ನಿಲ್ಲುವುದಿಲ್ಲ. ಆದರೆ ರೂಪಾಯಿ ಬೀಳಲು ಬೇರೆ ಕಾರಣಗಳೂ ಇರಬಹುದೆಂಬುದನ್ನು ಆ ಎಂಜಿನಿಯರ್ ಹೇಳಿರಲಿಲ್ಲ.

ಅದು ತಿಳಿದದ್ದು ಬ್ಯಾಡಗಿ ಶೆಡ್ಡಿನಲ್ಲಿ. ಅಲ್ಲಿ ಮೂರು ಹಳೆಯ ಯಂತ್ರಗಳ ಪರೀಕ್ಷೆಯಿತ್ತು. ಮೊದಲನೆಯದು ರಂಧ್ರ ಕೊರೆಯುವ ಒಂದು ಗಟ್ಟಿ ಯಂತ್ರ. ರೂಪಾಯಿ ನಿಲ್ಲಲಿಲ್ಲ. ಸಾಹೇಬರು ಮೂರು ಸಲ ನಿಲ್ಲಿಸಿದರು, ಮೂರು ಸಲವೂ ಅದು ಉರುಳಿ ನೆಲದಲ್ಲಿ ಮಾಯವಾಯಿತು, ಮೂರು ಸಲವೂ ನಾವೆಲ್ಲ ಬಗ್ಗಿ ಹುಡುಕಿದೆವು. ಶಿಕ್ಷೆ ಜಾರಿಯಾಯಿತು. ವೀರಭದ್ರಪ್ಪನ ಆಳು ಅಂಗಳದಲ್ಲಿ ಘಣ ಎತ್ತಿ ಅದನ್ನು ಎರಡು ಹೋಳು ಮಾಡಿದ. ಎರಡನೆಯದರ ಮೇಲೂ ರೂಪಾಯಿ ಬಿತ್ತು. ಮೂರನೆಯದರ ಮೇಲೂ ಬಿತ್ತು. ಸಾಹೇಬರು 'ಇದೂ ಹೋತು' ಎಂದರು. ಆಗ ನಾನು, ಈ ಮೂರನೆಯದಕ್ಕೆ ಇನ್ನೂ ಕರೆಂಟಿನ ತಂತಿಯನ್ನೇ ಜೋಡಿಸಿಲ್ಲ ಎಂಬುದನ್ನು ಅವರ ಗಮನಕ್ಕೆ ತಂದೆ.

ಸಾಹೇಬರು ಬಗ್ಗಿ ಯಂತ್ರದ ಹಿಂದೆ ತಂತಿ ಹುಡುಕಿದರು. ಆಗಲೇ ಗೋಡೆಯಾಚೆಯ ಸಪ್ಪಳ ಎಲ್ಲರಿಗೂ ಕೇಳಿಸಿತು. ನಮ್ಮ ಶೆಡ್ಡಿಗೆ ಹತ್ತಿಕೊಂಡೇ ಖಾರ ಕುಟ್ಟುವ ಗಿರಣಿಯಿತ್ತು. ಕಬ್ಬಿಣದ ಒನಕೆಗಳು ಸಾಲಾಗಿ ಎದ್ದು ಬೀಳುತ್ತಿದ್ದವು. ಒಂದೊಂದು ಪೆಟ್ಟಿಗೂ ನಮ್ಮ ನೆಲ ಜುಮ್ಮೆನ್ನುತ್ತಿತ್ತು. ಗಿರಣಿಯ ಒಡತಿ ಗಿರಿಜವ್ವ ಅಷ್ಟರಲ್ಲಿ ಘಣದ ಸದ್ದು ಕೇಳಿ ಬಾಗಿಲಿಗೆ ಬಂದು ನಿಂತಿದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಎಲ್ಲವನ್ನೂ ಕೇಳಿ ತಿಳಿದುಕೊಂಡು, ಒಡೆದ ಹೋಳುಗಳನ್ನು ನೋಡಿ, ಸಾಹೇಬರಿಗೆ ಅಂದರು:

"ರೂಪಾಯಿ ಕೆಡವಿದ್ದು ನನ್ನ ಒನಕಿರಿ. ಒಂದು ಮಾತು ಹೇಳಿದ್ರ ಬಂದ್ ಮಾಡತಿದ್ನೆಲ್ರಿ. ಪಾಪ, ಇದನ್ಯಾಕ ಒಡದ್ರಿ?"

ಉಳಿದೆರಡು ಯಂತ್ರ ಬದುಕಿದವು. ಸಾಹೇಬರು ರೂಪಾಯಿ ಬಿಡಲಿಲ್ಲ. ಪರೀಕ್ಷೆಗೆ ಮುಂಚೆ ಅಕ್ಕಪಕ್ಕದ ಗಿರಣಿಗಳನ್ನು ಬಂದ್ ಮಾಡಿಸತಕ್ಕದ್ದು ಎಂದು ಒಂದು ಕಲಮು ಸೇರಿಸಿದರು.

ಹಾವೇರಿಯಲ್ಲಿ ಬೇರೆ ತರಹದ ತೊಡಕು. ಅಲ್ಲೊಂದು ಶೇಪರ್, ಅಂದರೆ ಕಬ್ಬಿಣದ ಮೈಯನ್ನು ಹೆರೆಯುವ ಯಂತ್ರ, ಎಲ್ಲ ರೀತಿಯಿಂದಲೂ ಚೆನ್ನಾಗಿತ್ತು. ಆದರೆ ಯಾರೂ ಕೊಳ್ಳಲೊಲ್ಲರು. ಎತ್ತು ಕೊಳ್ಳುವವರು ಸುಳಿ ನೋಡುವಂತೆ ನಮ್ಮ ಜನ ಯಂತ್ರ ಕೊಳ್ಳುವಾಗ ಒಂದು ಪ್ರಶ್ನೆ ಕೇಳುತ್ತಿದ್ದರು: ಇದು ರಕ್ತ ಕಂಡೈತೇನು? ಆ ಶೇಪರ್ ಹಿಂದೆ ಒಬ್ಬನ ಬೆರಳು ತೆಗೆದುಕೊಂಡಿತ್ತು. ಸುಳ್ಳು ಹೇಳಿ ಮಾರಿಬಿಡಿ ಎಂದು ಶೆಡ್ಡಿನವರ ಸಲಹೆ. ನಾನು ಒಪ್ಪಲಿಲ್ಲ, ಬಂದವರಿಗೆಲ್ಲ ಇದ್ದದ್ದು ಹೇಳಿದೆ, ಬಂದವರೆಲ್ಲ ಕೈಮುಗಿದು ಹೋದರು. ಗುಜರಿಗೇ ಗತಿ ಎನ್ನುವಾಗ ಹಲಗೇರಿಯ ಒಬ್ಬ ಕಮ್ಮಾರರು ಬಂದು ಎಲ್ಲ ಕೇಳಿಕೊಂಡು, ತಮ್ಮ ಎಡಗೈ ಬಿಡಿಸಿ ತೋರಿಸಿದರು. "ಇದು ಒಂದ ಬಟ್ಟು ತಗೊಂಡೈತಿ. ನನ್ನ ಹಳೇ ಮಶಿನ್ ಎಲ್ಡು ತಗೊಂಡಿತ್ತು. ಅದಕ್ಕಿಂತ ಇದ ಪಾಡ್ರಿ," ಎಂದು ಅಂದೇ ಸಂಜೆ ಚಕ್ಕಡಿಯಲ್ಲಿ ಹೇರಿಕೊಂಡು ಹೋದರು.

ತೊಂಬತ್ತರ ಹೊತ್ತಿಗೆ ಮುಳ್ಳು ತಿರುಗುವ ಡಯಲ್ ಗೇಜು ನಮ್ಮಲ್ಲಿಗೂ ಬಂತು. ಕೂದಲೆಳೆಯಷ್ಟು ಅಲುಗಿದರೂ ಮುಳ್ಳು ತೋರಿಸುತ್ತದೆ. ಅದು ಬಂದದ್ದು ಒಳ್ಳೆಯದೇ ಆಯಿತು, ಅದಕ್ಕೆ ನಾನು ಎಂದೂ ಅಡ್ಡ ಬಂದವನಲ್ಲ. ಆದರೆ ಎಷ್ಟು ಅಲುಗುತ್ತದೆ ಎಂದು ಮುಳ್ಳು ಹೇಳುತ್ತದೆ. ಯಾಕೆ ಅಲುಗುತ್ತದೆ ಎಂದು ಕೇಳುವ ಕೆಲಸ ಇನ್ನೂ ನಿಮ್ಮದೇ. ದೊಡ್ಡವ್ವನ ವಿಷಯದಲ್ಲಿ ನನಗೆ ಇದು ಖಚಿತವಾಯಿತು. ಆಗಿನ್ನೂ ಗೇಜು ಬಂದಿರಲಿಲ್ಲ.

ದೊಡ್ಡವ್ವ ಎಂದರೆ ರಾಣೆಬೆನ್ನೂರು ಶೆಡ್ಡಿನ ದೊಡ್ಡ ಲೇಥು. ಕಬ್ಬಿಣದ ದಂಡವನ್ನು ಹಿಡಿದು ತಿರುಗಿಸಿ ದುಂಡಗೆ ಕಡೆಯುವ ಯಂತ್ರಕ್ಕೆ ಲೇಥು ಎನ್ನುತ್ತಾರೆ. ನಮ್ಮಲ್ಲಿ ಎಲ್ಲಕ್ಕಿಂತ ಹಳೆಯದು ಅದೇ ಆದದ್ದರಿಂದ ಮಹಾನವಮಿಯ ಖಂಡೇ ಪೂಜೆ, ಅಂದರೆ ಆಯುಧ ಪೂಜೆ, ಅದರ ತಲೆಯ ಮೇಲೆ. ಪ್ರತಿ ಅಮಾವಾಸ್ಯೆಯ ಪೂಜೆಯೂ ಅದರ ತಲೆಯ ಮೇಲೆ. ವಿಭೂತಿ, ಕುಂಕುಮ, ಎಣ್ಣೆ, ಲೋಬಾನದ ಹೊಗೆ, ಹಾರಿ ಬಂದು ಕೂತ ಕಬ್ಬಿಣದ ಪುಡಿ ಎಲ್ಲ ಸೇರಿ ಅಲ್ಲೊಂದು ದಪ್ಪ ಕೆಂಪು ಪದರ ಬೆಳೆದಿತ್ತು. ಅದನ್ನು ಕೆರೆಯುವ ಧೈರ್ಯ ಯಾರೂ ಮಾಡಿರಲಿಲ್ಲ. ಲೇಥಿನ ಮೇಲೆ ಕೆಲಸ ಮಾಡುತ್ತಿದ್ದ ಟರ್ನರ್ ಮಾಲತೇಶಪ್ಪ ಉಳಿದ ಮೈಯನ್ನೆಲ್ಲ ದಿನಾ ಒರೆಸಿ ಫಳಫಳ ಇಡುತ್ತಿದ್ದರು. ತಲೆಗೆ ಮಾತ್ರ ಕೈಮುಗಿಯುತ್ತಿದ್ದರು.

ಆ ಲೇಥು ತೆಗೆಯುತ್ತೇವೆ ಎಂಬ ಸುದ್ದಿ ಹೋದ ಮೇಲೆ, ಸಂಕ್ರಾಂತಿ ಮುಗಿದು ಮೆಣಸಿನಕಾಯಿ ಪೇಟೆಗೆ ಬರತೊಡಗಿದ ದಿನಗಳಲ್ಲಿ, ಗಿರಿಜವ್ವ ಬ್ಯಾಡಗಿಯ ಬಸ್ಸಿನಿಂದ ಇಳಿದು ಬಂದರು. ಬರುವಾಗ ತುದಿ ಸವೆದ ಒಂದು ಒನಕೆಯನ್ನೂ ತಂದಿದ್ದರು. ಅದಕ್ಕೆ ಕಂಡಕ್ಟರ್ ಅರ್ಧ ಟಿಕೀಟು ಕೇಳಿದನಂತೆ; ಇದಕ್ಕೆ ಸೀಟು ಕೊಡು, ಪೂರಾ ಟಿಕೀಟು ತಗೋತೀನಿ ಎಂದರಂತೆ. ಅವರ ತೊಡಕು ಸರಳವಾಗಿತ್ತು. ಒನಕೆ ಬಾಗಿದರೆ, ಸವೆದರೆ, ಹುಬ್ಬಳ್ಳಿಗೆ ಒಯ್ದು ಕಡೆಸಿ ತರಬೇಕು. ತರುವತನಕ ಗಿರಣಿ ಬಂದ್. ಖಾರ ಕುಟ್ಟಿಸುವ ಮನೆಯವರು ಬರುವುದು ವರ್ಷಕ್ಕೊಮ್ಮೆ. ಬಂದಾಗ ಬಾಗಿಲು ಹಾಕಿದ್ದರೆ ಎದುರಿನ ಗಿರಣಿಗೆ ಹೋಗುತ್ತಾರೆ, ಮರುವರ್ಷವೂ ಅಲ್ಲಿಗೇ. ಹಿಂದಿನ ಸುಗ್ಗಿಯಲ್ಲಿ ಹೀಗೆ ಅರ್ಧ ಗಿರಾಕಿಗಳು ರಸ್ತೆ ದಾಟಿದ್ದರು. ಸ್ವಂತ ಲೇಥು ಇದ್ದರೆ ಅಲ್ಲಿಯೇ ಕಡೆಸಿಕೊಳ್ಳಬಹುದು, ಕಡೆಯಲು ಅಳಿಯನಿದ್ದ.

"ಈ ಸುಗ್ಗಿನೂ ಹಂಗ ಆದ್ರ ಬಾಗಲಾ ಹಾಕೂದ್ರಿ ಸ್ವಾಮ್ಯಾರ," ಎಂದರು. "ಇದು ಕೆಲಸಕ್ಕ ಬರತೈತಿ ಅಂತ ನೀವು ಹೇಳ್ರಿ, ಒಯ್ತೀನಿ. ಬರೂದಿಲ್ಲ ಅನ್ರಿ, ಬಿಡ್ತೀನಿ. ರೂಪಾಯಿ ಹೇಳಿದ್ದು ನನಗ ಬ್ಯಾಡ."

ಸಾಹೇಬರು ಅದನ್ನು ಕೇಳಿಸಿಕೊಳ್ಳದವರಂತೆ ಒಳಜೇಬಿಗೆ ಕೈಹಾಕಿದರು. ವೀರಭದ್ರಪ್ಪ ಪೆಟ್ಟಿಗೆಯ ಮೇಲೆ ಕೂತಾಗಿತ್ತು. ಮಾಲತೇಶಪ್ಪ ಲೇಥನ್ನು ಚಾಲು ಮಾಡಿದರು. ಸಾಹೇಬರು ಕೈಮುಗಿದು ದೊಡ್ಡವ್ವನ ತಲೆಯ ಮೇಲೆ ರೂಪಾಯಿ ನಿಲ್ಲಿಸಿದರು.

ರೂಪಾಯಿ ನಿಂತಿತು. ಗುಡಿಯ ಕಲ್ಲು ಬಸವಣ್ಣ ಕೂತ ಹಾಗೆ ನಿಂತಿತು. ವೇಗ ಹೆಚ್ಚಿಸಿದರು, ಆಗಲೂ ನಿಂತಿತು. ಲೇಥು ಗರಗರ ಸದ್ದು ಮಾಡುತ್ತಿತ್ತು, ನನ್ನ ಕಾಲ ಕೆಳಗಿನ ನೆಲ ನಡುಗುತ್ತಿತ್ತು, ರೂಪಾಯಿಗೆ ಮಾತ್ರ ಅದಾವುದರ ಪರಿವೆಯಿಲ್ಲ. ಸಾಹೇಬರು ಮಾರುವುದೆಂದು ಘೋಷಿಸಿ ರೂಪಾಯಿ ತೆಗೆದುಕೊಳ್ಳಲು ಹೋದರು. ಅದು ಬರಲಿಲ್ಲ. ಉಗುರು ಹಾಕಿ ಎಬ್ಬಿಸಬೇಕಾಯಿತು. ಬಂದಾಗ ಅದರ ಅಂಚಿಗೆ ಕೆಂಪು ಅಂಟು ಮೆತ್ತಿತ್ತು. ಎಷ್ಟೋ ವರ್ಷಗಳ ಭಕ್ತಿ ಅದನ್ನು ಹಿಡಿದು ನಿಲ್ಲಿಸಿತ್ತು.

ಆ ಪದರ ತೆಗೆಯದೆ ಪರೀಕ್ಷೆ ಪೂರ್ತಿಯಾಗದು ಎಂದು ನಾನು ಹೇಳಿದೆ. ಶೆಡ್ಡಿನಲ್ಲಿ ಗುಜುಗುಜು ಎದ್ದಿತು. ಪೂಜೆಯ ಜಾಗಕ್ಕೆ ಕೆರೆಯುವ ಉಳಿ ಹಚ್ಚುವುದೆಂದರೇನು ಎಂದು ಕೆಲವರು. ನಾಳೆ ಏನಾದರೂ ಆದರೆ ಯಾರು ಹೊಣೆ ಎಂದು ಇನ್ನು ಕೆಲವರು. ಮಾಲತೇಶಪ್ಪ ಗೋಡೆ ನೋಡುತ್ತಿದ್ದರು. ಸಾಹೇಬರು ಇದನ್ನು ಆಡಳಿತ ಮಂಡಳಿಯ ಮುಂದಿಡಬೇಕಾಗುತ್ತದೆ ಎಂದರು. ಆಗ ಗಿರಿಜವ್ವ ಮುಂದೆ ಬಂದರು.

"ಹೆಣ್ಣು ನೋಡಾಕ ಬೀಗರು ಬಂದಾಗ ಮಕಾ ತೊಳಸೂದಿಲ್ಲೇನ್ರಿ? ತೊಳೀರಿ. ಆಮ್ಯಾಲ ಬೇಕಾದ್ರ ಹೊಸಾ ಕುಂಕುಮಾ ನಾನ ಹಚ್ಚತೀನಿ."

ಮಾಲತೇಶಪ್ಪ ಚಪ್ಪಲಿ ಕಳಚಿ, ಒಂದು ಡಬ್ಬಿ ಸೀಮೆಎಣ್ಣೆ ತಂದು ಅಭಿಷೇಕ ಮಾಡಿದರು. ಪದರ ನೆನೆದ ಮೇಲೆ ಮರದ ಚಕ್ಕೆಯಿಂದ, ಮಗುವಿನ ತಲೆ ಬಾಚಿದಷ್ಟು ಮೆತ್ತಗೆ, ಎಬ್ಬಿಸಿ ತೆಗೆದರು. ಬಂದದ್ದನ್ನು ಎಸೆಯದೆ ಬಾಳೆಯೆಲೆಯಲ್ಲಿ ಕಟ್ಟಿಟ್ಟರು. ಕೆಳಗೆ ಬೋಳು ಬೀಡು ಕಂಡಿತು, ಅದರ ನಡುವೆ ಒಂದು ತೂತು. ಮುಂದಿನ ಬುಶ್ಶಿಗೆ ಎಣ್ಣೆ ಬಿಡುವ ತೂತು.

ಲೇಥಿನ ತಲೆಯೊಳಗೆ ತಿರುಗುವ ದಂಡವಿದೆ. ಅದು ಹಿಂದೊಂದು, ಮುಂದೊಂದು ಬುಶ್ಶಿನಲ್ಲಿ, ಅಂದರೆ ಗನ್‌ಮೆಟಲ್ ಎಂಬ ಕಂಚಿನ ಬಳೆಯಲ್ಲಿ, ಕೂತು ತಿರುಗುತ್ತದೆ. ಹಿಂದಿನದಕ್ಕೆ ಮಾಲತೇಶಪ್ಪ ದಿನಾ ಎಣ್ಣೆ ಬಿಡುತ್ತಿದ್ದರು. ಮುಂದಿನದಕ್ಕೆ ಹೊರಗಿನಿಂದ ತೂತಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಅವರು ಕೆಲಸಕ್ಕೆ ಸೇರುವ ಮೊದಲೇ ಅದರ ಮೇಲೆ ಕುಂಕುಮ ಕೂತಿತ್ತು. ಅಮಾವಾಸ್ಯೆಗೊಮ್ಮೆ ಹಚ್ಚಿದ ಎಣ್ಣೆ ಪದರದಲ್ಲಿ ಇಳಿದು ಇಷ್ಟಿಷ್ಟೇ ಒಳಗೆ ಹೋಗುತ್ತಿತ್ತು; ಅದರ ಮೇಲೇ ದೊಡ್ಡವ್ವ ಜೀವ ಹಿಡಿದಿದ್ದಳು. ಬಾಯಿ ಕಟ್ಟಿದ್ದೂ ಪೂಜೆಯೇ, ತುತ್ತು ಹಾಕಿದ್ದೂ ಪೂಜೆಯೇ. ಇದರಿಂದ ಏನು ತಾತ್ಪರ್ಯ ತೆಗೆಯಬೇಕೋ ನನಗೆ ತಿಳಿಯದು, ನಾನು ಬುಶ್ಶು ನೋಡಲು ಬಂದವನು.

ಬರೀ ಬೀಡಿನ ಮೇಲೆ ಸಾಹೇಬರು ಮತ್ತೆ ರೂಪಾಯಿ ಇಟ್ಟರು. ಕೈ ಬಿಡುವುದರೊಳಗೆ ಬಿತ್ತು. ವೀರಭದ್ರಪ್ಪ ಪೆಟ್ಟಿಗೆಯಿಂದ ಎದ್ದು ಧೋತರ ಝಾಡಿಸಿಕೊಂಡರು. "ಇನ್ನ ನೋಡೂದೇನೈತ್ರಿ ಸಾಹೇಬ್ರ," ಎಂದು ಹೊರಗೆ ನಿಂತ ಆಳಿಗೆ ಘಣ ತರಲು ಕೈಮಾಡಿದರು.

ನಾನು ಸ್ವಲ್ಪ ತಡೆಯಿರಿ ಎಂದೆ. ಲೇಥಿನಲ್ಲಿ ನೋಡಬೇಕಾದದ್ದು ತಲೆಯಲ್ಲ, ಬೆಡ್ಡು. ಹತಾರ ಹಿಡಿದ ಗಾಡಿ ಹಿಂದೆ ಮುಂದೆ ಓಡಾಡುವ ಉದ್ದನೆಯ ಹಾಸು. ಬುಶ್ಶು ಸವೆದರೆ ಬೇರೆ ಹಾಕಬಹುದು. ಬೆಡ್ಡು ಸವೆದರೆ ನಮ್ಮಂಥವರ ಮಟ್ಟಿಗೆ ಮುಗಿಯಿತು. ನಾನು ಉಕ್ಕಿನ ನೇರ ಪಟ್ಟಿಯನ್ನು ಬೆಡ್ಡಿನ ಮೇಲಿಟ್ಟು, ಅದರಡಿ ಸಿಗರೇಟಿನ ತೆಳು ಹಾಳೆಯ ಚೂರುಗಳನ್ನು ಅಲ್ಲಲ್ಲಿ ಸೇರಿಸಿ ಒಂದೊಂದನ್ನೂ ಎಳೆದು ನೋಡಿದೆ. ಹಾಳೆ ಸಡಿಲ ಬಂದರೆ ಅಲ್ಲಿ ಸವೆದಿದೆ ಎಂದರ್ಥ. ಎಲ್ಲವೂ ಬಿಗಿಯಾಗಿದ್ದವು, ಬಲತುದಿಯಲ್ಲಿ ಮಾತ್ರ ಸಡಿಲ. ಅಲ್ಲಿ ಬೆಡ್ಡಿನ ಮೇಲೆ ಕಚ್ಚುಗಳು ಬಿದ್ದಿದ್ದವು. ಖಂಡೇ ಪೂಜೆಯ ತೆಂಗಿನಕಾಯಿಯನ್ನು ಪ್ರತಿವರ್ಷ ಅಲ್ಲಿಯೇ ಒಡೆಯುತ್ತಿದ್ದರು. ಒನಕೆ ಗಿಡ್ಡ, ಅದನ್ನು ಕಡೆಯುವಾಗ ಗಾಡಿ ಆ ತುದಿಗೆ ಹೋಗುವುದೇ ಇಲ್ಲ.

ಗಿರಿಜವ್ವನಿಗೆ ನಾನು ಹೇಳಿದ್ದು ಇಷ್ಟು: ಈಗಿರುವ ಹಾಗೆ ಒಯ್ದರೆ ನಿಮ್ಮ ಗಿರಣಿ ಮತ್ತೆ ನಿಲ್ಲುತ್ತದೆ. ಹೊಸ ಬುಶ್ಶು ಹಾಕಿ ಒಯ್ದರೆ ಇದು ನಿಮ್ಮ ಅಳಿಯನ ಕಾಲಕ್ಕೂ ಆಗುತ್ತದೆ.

ಅಷ್ಟು ಹೇಳಿದ್ದೇ ತಡ, ನಿಯಮ ಅಡ್ಡ ಬಂತು. ವಿಲೇವಾರಿಗೆ ಇಟ್ಟ ಯಂತ್ರಕ್ಕೆ ಖರ್ಚು ಮಾಡುವಂತಿಲ್ಲ. ಕೆಟ್ಟ ಯಂತ್ರವನ್ನು ಚಾಲ್ತಿ ಎಂದು ಮಾರುವಂತಿಲ್ಲ. ಮಾರಲಾಗದ್ದನ್ನು ಇಡಿಯಾಗಿ ಹೊರಗೆ ಬಿಡುವಂತಿಲ್ಲ. ಈ ಮೂರನ್ನೂ ಕೂಡಿಸಿದರೆ ಉಳಿಯುವುದು ಘಣ ಒಂದೇ. ಸಾಹೇಬರು ಇದನ್ನು ಖೇದದಿಂದಲೇ ವಿವರಿಸಿದರು. ಒಂದು ಬಾಗಿಲು ಮಾತ್ರ ತೆರೆದಿತ್ತು: ಪರೀಕ್ಷೆಗಾಗಿ ಯಂತ್ರದ ಮೇಲೆ ಏನನ್ನಾದರೂ ಕಡೆದು ನೋಡಬಹುದು. ಏನನ್ನು ಕಡೆಯಬೇಕೆಂದು ಯಾರೂ ಬರೆದಿರಲಿಲ್ಲ.

ಅದರ ಬುಶ್ಶನ್ನು ಅದೇ ಕಡೆಯಲಿ ಎಂದೆ.

ಮಾಲತೇಶಪ್ಪ ಗೋಡೆ ಬಿಟ್ಟು ನನ್ನ ಮುಖ ನೋಡಿದರು. ಸವೆದ ಬುಶ್ಶಿನ ಮೇಲೆ ತಿರುಗುತ್ತ ಹೊಸ ಬುಶ್ಶು ಕಡೆಯುವುದು ಸಣ್ಣ ಮಾತಲ್ಲ. ವೇಗ ತಗ್ಗಿಸಿ, ಎಣ್ಣೆ ಬಿಟ್ಟು, ಹಾಳೆಯಷ್ಟು ತೆಳುವಾಗಿ ತೆಗೆಯಬೇಕು. ಕೊನೆಯ ಅಳತೆಯನ್ನು ಕೈಯಿಂದಲೇ ಕೆರೆದು ತರಬೇಕು. ಆದರೆ ಆಗದ ಮಾತೂ ಅಲ್ಲ. ಬುಶ್ಶು ಸರಿಯಾಗಿ ಬಂದರೆ ಮಾರುವುದು, ಬರದಿದ್ದರೆ ಮುರಿಯುವುದು. ಇದಕ್ಕಿಂತ ನಿಷ್ಠುರವಾದ ಪರೀಕ್ಷೆ ಯಾವ ರೂಪಾಯಿಯಿಂದಲೂ ಆಗದು ಎಂದೆ. ಸಾಹೇಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ನಿಯಮದಾಗ ಬ್ಯಾಡ ಅಂತ ಎಲ್ಲೂ ಬರದಿಲ್ಲ ನೋಡ್ರಿ ಹಿರೇಮಠ," ಎಂದರು. ಅಷ್ಟು ಸಾಕಾಗಿತ್ತು. ಮೇಲಧಿಕಾರಿಯನ್ನು ಸೋಲಿಸಲು ಹೋಗಬೇಡಿ. ನಿಯಮದಲ್ಲಿ ಅವರಿಗೊಂದು ಕುರ್ಚಿ ಹಾಕಿಕೊಡಿ, ಅವರೇ ಕೂತುಕೊಳ್ಳುತ್ತಾರೆ.

ಗನ್‌ಮೆಟಲ್ಲು ಗಿರಿಜವ್ವನದೇ. ಅವರ ಗಿರಣಿಯಲ್ಲಿ ಮೂಲೆಗೆ ಬಿದ್ದ ಹಳೆಯ ಎಣ್ಣೆ ಎಂಜಿನ್ನಿನ ದಪ್ಪ ಬುಶ್ಶೊಂದನ್ನು ಮರುದಿನವೇ ತಂದರು. ವೀರಭದ್ರಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿ, "ಇದನ್ನರ ನನಗ ಕೊಡಬಾರದೇನ್ರಿ ಯವ್ವಾ," ಎಂದು ಒಂದು ಪ್ರಯತ್ನ ಮಾಡಿದರು.

ಮಾಲತೇಶಪ್ಪ ಬೆಳಿಗ್ಗೆ ಶುರು ಮಾಡಿದರು. ಹೊಳೆಯುವ ಸಿಂಬೆಗಳು ಹತಾರದ ತುದಿಯಿಂದ ಬೀಳುತ್ತಿದ್ದವು. ಮಧ್ಯಾಹ್ನ ಒಂದು ಗಳಿಗೆ ದಂಡ ಬಿಸಿಯಾಗಿ ಕಿರ್ ಎಂದಿತು, ವೀರಭದ್ರಪ್ಪ ತಲೆಯೆತ್ತಿದರು. ಮಾಲತೇಶಪ್ಪ ಯಂತ್ರ ನಿಲ್ಲಿಸಿ, ಹೊಸದಾಗಿ ಸಿಕ್ಕ ತೂತಿಗೆ ಎಣ್ಣೆ ಬಿಟ್ಟು, ಕೈಯಿಂದಲೇ ಸ್ವಲ್ಪ ತಿರುಗಿಸಿ, ತಣ್ಣಗಾಗುವವರೆಗೆ ಅದರ ಪಕ್ಕದಲ್ಲಿ ನಿಂತರು. ಗಿರಿಜವ್ವ ಊಟದ ಗಂಟು ಬಿಚ್ಚಿದ್ದರು, ರೊಟ್ಟಿ ಕೈಯಲ್ಲೇ ಇತ್ತು. ಮತ್ತೆ ಚಾಲು ಮಾಡಿದಾಗ ಸದ್ದು ಬರಲಿಲ್ಲ, ರೊಟ್ಟಿಯೂ ಮುಂದುವರಿಯಿತು.

ಸಂಜೆಯ ಹೊತ್ತಿಗೆ ಬುಶ್ಶು ಹೊರಬಂತು. ಮುಂದೆ ಎರಡು ದಿನ ದಂಡ ಬಿಚ್ಚಿ, ನೀಲಿ ಬಣ್ಣ ಹಚ್ಚಿ, ಎಲ್ಲಿ ತಾಗುತ್ತದೆ ನೋಡಿ, ಅಲ್ಲಲ್ಲೇ ಕೆರೆದು ಕೂರಿಸಿದೆವು. ಕೆರೆಯುವುದರಲ್ಲಿ ನನ್ನ ಕೈಯೂ ಇತ್ತು, ಅದು ಚೆನ್ನಾಗಿಯೇ ಇತ್ತೆಂದು ಹೇಳಲು ನನಗೆ ಸಂಕೋಚವಿಲ್ಲ. ಲೇಥು ಚಾಲು ಮಾಡಿದಾಗ ಗರಗರ ಹೋಗಿ ಬರೀ ಪಟ್ಟಾದ ಸದ್ದು ಉಳಿಯಿತು. ಗಿರಿಜವ್ವ ಬಸ್ಸಿನಲ್ಲಿ ತಂದಿದ್ದ ಒನಕೆಯನ್ನೇ ಮೊದಲು ಕಡೆದೆವು. ಅವರು ಅದರ ತುದಿಯ ಮೇಲೆ ಹೆಬ್ಬೆರಳು ಆಡಿಸಿ, ಬೆಳಕಿಗೆ ಹಿಡಿದು, ಮತ್ತೆ ಆಡಿಸಿ, "ಹುಬ್ಬಳ್ಯಾಗ ಹಿಂಗ ಮಾಡಿ ಕೊಡ್ತಿದ್ದಿಲ್ರಿ," ಎಂದರು.

ಸಾಹೇಬರು ರೂಪಾಯಿ ತೆಗೆದು ನಿಲ್ಲಿಸಿದರು. ನಿಂತಿತು. ಅಷ್ಟರಲ್ಲಿ ಸ್ಟೇಶನ್ನಿನ ಕಡೆಯಿಂದ ಹುಬ್ಬಳ್ಳಿ ಗಾಡಿ ಹಾಯ್ದು ನೆಲ ಸಣ್ಣಗೆ ನಡುಗಿ ರೂಪಾಯಿ ಬಿತ್ತು. ಎಲ್ಲರೂ ಸಾಹೇಬರ ಮುಖ ನೋಡಿದರು. ಅವರು ಗಡಿಯಾರ ನೋಡಿಕೊಂಡು, "ಗಾಡಿ ಇವತ್ತ ಲೇಟ್ ಅದ," ಎಂದು ರೂಪಾಯಿ ಜೇಬಿಗೆ ಹಾಕಿಕೊಂಡು ಸಹಿ ಮಾಡಿದರು. ಉಳಿದ ಇಬ್ಬರಲ್ಲಿ ಒಬ್ಬನು ನಾನು. ಮೂರನೆಯವರು ಲಗ್ನಕ್ಕೆ ಹೋಗಿದ್ದರು, ಅಲ್ಲಿಗೇ ಹೋಗಿ ಊಟದ ಪಂಕ್ತಿಯಲ್ಲಿ ಸಹಿ ಹಾಕಿಸಿಕೊಂಡು ಬಂದೆವು.

ಹೇರುವ ಮೊದಲು ಗಿರಿಜವ್ವ ಹೇಳಿದಂತೆ ಹೊಸ ಕುಂಕುಮ ಹಚ್ಚಲು ಬಂದರು. ಮಾಲತೇಶಪ್ಪ ತೂತಿನ ಸುತ್ತ ಕೆಂಪು ಬಣ್ಣದಲ್ಲಿ ಒಂದು ಬಳೆ ಬರೆದಿದ್ದರು. "ಇಲ್ಲಿ ಎಣ್ಣಿ ಹಾಕ್ರಿ, ಕುಂಕುಮಾ ಕಾಲಿಗೆ ಹಚ್ರಿ," ಎಂದರು. ಗಿರಿಜವ್ವ ಲೇಥಿನ ಕಾಲಿಗೆ ಹಚ್ಚಿದರು. ಬಾಳೆಯೆಲೆಯ ಗಂಟನ್ನು ಮಾಲತೇಶಪ್ಪ ತುಂಗಭದ್ರೆಗೆ ಬಿಟ್ಟುಬರಲು ಮನೆಗೆ ಒಯ್ದರು. ವೀರಭದ್ರಪ್ಪನಿಗೆ ಹಳೆಯ ಬುಶ್ಶು ಮಾತ್ರ ಸಿಕ್ಕಿತು. ಅವರು ಅದನ್ನು ಜೇಬಿನಲ್ಲಿ ಹಾಕಿಕೊಂಡು ಹಾವೇರಿಯ ಬಸ್ಸು ಹತ್ತಿದರು.

ದೊಡ್ಡವ್ವನನ್ನು ಚಾಲ್ತಿ ಸ್ಥಿತಿಯಲ್ಲಿ ಬ್ಯಾಡಗಿಗೆ ಮಾರಲಾಯಿತು. ಗಿರಣಿಯ ನೆಲ ಅಲುಗುವುದರಿಂದ ಅಲ್ಲಿ ಅದರ ಮೇಲೆ ರೂಪಾಯಿ ನಿಲ್ಲುವುದಿಲ್ಲ. ಆ ಸುಗ್ಗಿಯಲ್ಲಿ ಗಿರಿಜವ್ವನ ಗಿರಣಿ ಒಂದು ದಿನವೂ ಬಂದ್ ಆಗಲಿಲ್ಲ.